ಟೀ ಬಂದರೆ ಇವತ್ತಿಲ್ಲ

ನಮ್ಮ ಆಸ್ಪತ್ರೆಯಲ್ಲಿ ಹತ್ತು ವರ್ಷ ಟೀ ಹಂಚಿದ ಒಬ್ಬರ ಕೈಯಿಂದ ಯಾರಾದರೂ ಖುಷಿಯಾಗಿ ಒಂದು ಲೋಟ ಈಸಿಕೊಂಡದ್ದನ್ನು ನಾನು ನೋಡಿಲ್ಲ. ಟೀ ಕೆಟ್ಟದಾಗಿತ್ತು ಅಂತಲ್ಲ. ಹದವಾಗಿ ಕುದಿಸಿ, ಸಕ್ಕರೆ ತಳದಲ್ಲಿ ಉಳಿಯದಂತೆ ಕಲಕಿ, ಲೋಟದ ಹೊರಮೈ ಒರೆಸಿ ತರುತ್ತಿದ್ದರು. ಆದರೂ ಅವರು ವಾರ್ಡಿನ ಬಾಗಿಲಲ್ಲಿ ಲೋಟ ಹಿಡಿದು ನಿಂತರೆ ಮಲಗಿದವರೆಲ್ಲ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು. ಇದು ಆ ಮನುಷ್ಯನ ಕಥೆ. ಇದರಲ್ಲಿ ನನ್ನದೂ ಒಂದು ಪಾಲಿದೆ, ಒಳ್ಳೆಯ ಪಾಲಲ್ಲ. ಅದನ್ನು ಮುಚ್ಚಿಡಬಾರದೆಂದೇ ಬರೆಯಲು ಕೂತಿದ್ದೇನೆ.

ತಲೆಯ ಆಪರೇಷನ್ ಮಾಡುವ ಡಾಕ್ಟರು ನಮ್ಮಲ್ಲಿರಲಿಲ್ಲ. ಸುತ್ತಲಿನ ನಾಲ್ಕು ಜಿಲ್ಲೆಗಳಲ್ಲೂ ಇರಲಿಲ್ಲ. ದೊಡ್ಡ ನಗರದಿಂದ ಒಬ್ಬರು ಆರು ವಾರಕ್ಕೊಮ್ಮೆ, ಗುರುವಾರ ಬೆಳಿಗ್ಗೆ ಬರುತ್ತಿದ್ದರು. ಸಂಜೆಯಾದರೆ ಐದು ತಾಸಿನ ಹಾದಿಯ ಇನ್ನೊಂದು ಆಸ್ಪತ್ರೆಗೆ ಹೊರಟುಬಿಡುತ್ತಿದ್ದರು. ಜನ ಅವರನ್ನು ‘ತಲೆ ಡಾಕ್ಟರು’ ಎನ್ನುತ್ತಿದ್ದರು. ಥಿಯೇಟರಿನ ಹೊರಗೆ ಒಂದು ಕರಿಹಲಗೆ. ಅದರ ಮೇಲೆ ಅಂದು ಆಪರೇಷನ್ ಆಗಬೇಕಾದವರ ಹೆಸರನ್ನು ನಾನು ಸೀಮೆಸುಣ್ಣದಲ್ಲಿ ದಪ್ಪಗೆ ಬರೆಯುತ್ತಿದ್ದೆ. ಸಾಮಾನ್ಯವಾಗಿ ಆರು ಹೆಸರು. ಅವರಲ್ಲಿ ಎಷ್ಟು ಜನರಿಗೆ ಆಗುತ್ತದೆ ಎನ್ನುವುದು ಡಾಕ್ಟರ ಕೈಯಲ್ಲಿರಲಿಲ್ಲ. ಕರೆಂಟು, ಜನರೇಟರು, ಆಕ್ಸಿಜನ್ನು, ಸಲಕರಣೆಗಳನ್ನು ಹಬೆಯಲ್ಲಿ ಬೇಯಿಸುವ ಬಾಯ್ಲರು, ಜಿಲ್ಲೆಗೆಲ್ಲ ಒಬ್ಬರೇ ಆಗಿದ್ದ ಅರಿವಳಿಕೆ ಡಾಕ್ಟರು, ಇವಿಷ್ಟೂ ಒಂದೇ ದಿನ ಸರಿಯಾಗಿ ಇರಬೇಕಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಆರರಲ್ಲಿ ಮೂರು ಆದರೆ ಅವತ್ತು ಎಲ್ಲರೂ ನಕ್ಕೊಂಡು ಮನೆಗೆ ಹೋಗುತ್ತಿದ್ದೆವು.

ಉಳಿದ ಮೂವರ ಕಥೆ? ಅವರು ಬೆಳಗಿನಿಂದ ಹನಿ ನೀರು ಮುಟ್ಟದೆ ಕೂತಿರುತ್ತಿದ್ದರು. ಕೆಲವರು ಎರಡು ದಿನ ಬಸ್ಸು, ಲಾರಿ ಹತ್ತಿ ಬಂದವರು. ‘ನಿಮ್ಮದು ಇವತ್ತಿಲ್ಲ, ಆರು ವಾರ ಬಿಟ್ಟು ಬನ್ನಿ’ ಎಂದು ಅವರ ಮುಖ ನೋಡಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಡಾಕ್ಟರು ನನ್ನನ್ನು ನೋಡುತ್ತಿದ್ದರು, ನಾನು ಅಟೆಂಡರನ್ನು ನೋಡುತ್ತಿದ್ದೆ. ಹೀಗೆ ಯಾವಾಗಲೋ ಒಂದು ಪದ್ಧತಿ ಬೆಳೆಯಿತು. ಡಾಕ್ಟರು ಇನ್ನಾಗದು ಎನ್ನಬೇಕು, ನಾನು ಹಲಗೆಯ ಮೇಲಿನ ಹೆಸರು ಒರೆಸಬೇಕು, ಆಮೇಲೆ ಅಟೆಂಡರು ಹೋಗಿ ಟೀ ಕೊಡಬೇಕು. ಟೀ ಕುಡಿಯಬಹುದು ಎಂದರೆ ಹೊಟ್ಟೆ ಖಾಲಿ ಇರಬೇಕಾಗಿಲ್ಲ ಎಂದರ್ಥ. ಉಳಿದದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಆ ಅಟೆಂಡರೇ ಟೀ ಅಣ್ಣ. ಇಪ್ಪತ್ತೆರಡನೇ ವಯಸ್ಸಿಗೆ ಸ್ಟ್ರೆಚರ್ ತಳ್ಳಲು ಸೇರಿದವರು. ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ನಲವತ್ತಕ್ಕೆಲ್ಲ ತಲೆ ಬೆಳ್ಳಗಾಗಿತ್ತು. ಬಲ ಮುಂಗೈ ಮೇಲೆ ಬಾಯ್ಲರಿನ ಹಬೆ ತಾಗಿ ಸುಟ್ಟ ಕಲೆ. ಮಕ್ಕಳಿರಲಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡು ನಮ್ಮ ಥಿಯೇಟರಿನ ಹರಿದ ಗೌನುಗಳಿಗೆ ತೇಪೆ ಹಾಕಿಕೊಡುತ್ತಿದ್ದರು. ಒಂದು ಗೌನಿನಲ್ಲಿ ಬಟ್ಟೆಗಿಂತ ತೇಪೆಯೇ ಜಾಸ್ತಿ ಇತ್ತು. ಅದನ್ನು ನಾವು ‘ಅತ್ತಿಗೆ ಗೌನು’ ಎನ್ನುತ್ತಿದ್ದೆವು.

ಟೀ ಕೊಡುವುದಕ್ಕೂ ಅಣ್ಣನದೊಂದು ಕ್ರಮವಿತ್ತು. ತಟ್ಟೆಯಲ್ಲಿ ಆರು ಲೋಟ ಜೋಡಿಸಿಕೊಂಡು ಬರುತ್ತಿರಲಿಲ್ಲ. ಒಬ್ಬರಿಗೆ ಒಂದು ಲೋಟ, ಒಂದು ಸಲ. ಕೊಟ್ಟು ಹೊರಟುಬಿಡುತ್ತಲೂ ಇರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಮನೇಲಿ ಯಾರ್ಯಾರಿದಾರೆ?” ಎಂದು ಕೇಳುತ್ತಿದ್ದರು. ಅಳುವವರು ಅಳುತ್ತಿದ್ದರು, ಬೈಯುವವರು ಬೈಯುತ್ತಿದ್ದರು. ಎಲ್ಲ ಮುಗಿದ ಮೇಲೆ ಮನೆಯವರ ಹೆಸರು ಒಂದೊಂದಾಗಿ ಹೊರಗೆ ಬರುತ್ತಿತ್ತು. ಲೋಟ ಖಾಲಿಯಾದ ಮೇಲೇ ಅಣ್ಣ ಏಳುತ್ತಿದ್ದರು.

“ಟೀ ಬಿಸಿ ಇರಬೇಕು ಸಿಸ್ಟರಮ್ಮ, ಸುದ್ದಿ ಆರಿಸಿ ಕೊಡಬೇಕು. ನೀವು ಉಲ್ಟಾ ಮಾಡ್ತೀರಿ,” ಎನ್ನುತ್ತಿದ್ದರು ನನಗೆ. ಸುಳ್ಳಲ್ಲ. ನನ್ನ ಬಾಯಿ ಆಗ ಬೆಂಕಿ.

ತಮಾಷೆಯೂ ಇತ್ತು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಗೆ ಟೀ ಅಣ್ಣನೇ ಲೋಟ ಕೊಟ್ಟರು. ಆತ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದಂತೆ ಮೂಲೆಯ ಮಂಚದಿಂದ ಒಬ್ಬ ಮುದುಕ, “ಪಾಪ, ಇವರದ್ದೂ ಇವತ್ತಿಲ್ಲ” ಎಂದ. ಇಡೀ ವಾರ್ಡು, ತಲೆಗೆ ಪಟ್ಟಿ ಸುತ್ತಿಕೊಂಡವರೂ ಸೇರಿ, ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧಿಕಾರಿಗೆ ಏನೂ ತಿಳಿಯದೆ ಅವರೂ ನಕ್ಕರು. ಹೊಸ ಥಿಯೇಟರ್ ಕಟ್ಟಿಸಿಕೊಡುತ್ತೇವೆಂದು ಹೇಳಿಹೋದರು. ಬಂತು, ಹದಿನೇಳು ವರ್ಷದ ಮೇಲೆ.

ಇನ್ನು ನನ್ನ ವಿಷಯ. ನಾನು ಥಿಯೇಟರ್ ಸಿಸ್ಟರ್. ನಗರದಲ್ಲಿ ಮೂರು ತಿಂಗಳು ಇದ್ದು ತಲೆಯ ಆಪರೇಷನ್ನಿನಲ್ಲಿ ಡಾಕ್ಟರ ಪಕ್ಕ ನಿಲ್ಲುವುದನ್ನು ಕಲಿತು ಬಂದವಳು. ಅವರು ಕೈ ಚಾಚಿದರೆ ಕೇಳುವ ಮೊದಲೇ ಬೇಕಾದದ್ದು ಕೈಯಲ್ಲಿರಬೇಕು. ಆ ಕೆಲಸ ಬಲ್ಲವಳು ನಮ್ಮಲ್ಲಿ ನಾನೊಬ್ಬಳೇ. ಅದರ ಜಂಬವೂ ಇತ್ತು. ನಾನು ರಜೆ ಹಾಕಿದರೆ ಡಾಕ್ಟರು ಬಂದೂ ಪ್ರಯೋಜನವಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಆ ಹುಡುಗಿ ಬಂದಾಗ ಅವಳಿಗೆ ಏಳು ವರ್ಷ. ತಲೆಯೊಳಗಿನ ನೀರು ಇಳಿದುಹೋಗುವ ದಾರಿ ಕಟ್ಟಿಕೊಂಡಿತ್ತು. ನೀರು ತುಂಬಿದಂತೆ ತಲೆನೋವು, ವಾಂತಿ. ಒತ್ತಡಕ್ಕೆ ಕಣ್ಣಿನ ನರ ಸೊರಗುತ್ತಿತ್ತು. ತಲೆಯಿಂದ ಹೊಟ್ಟೆಗೆ ಚರ್ಮದ ಒಳಗೇ ಒಂದು ಸಣ್ಣ ಕೊಳವೆ ಇಳಿಸಿದರೆ ನೀರು ಇಳಿಯುತ್ತದೆ, ಕಣ್ಣು ಉಳಿಯುತ್ತದೆ. ಮುಕ್ಕಾಲು ಗಂಟೆಯ ಕೆಲಸ. ಹಿಂದಿನ ಸಲ ಬಂದಾಗ ಕೊಳವೆ ಇರಲಿಲ್ಲ. ಈ ಸಲ ಡಾಕ್ಟರು ಎಲ್ಲೆಲ್ಲೋ ಕೇಳಿ ಒಂದು ಕೊಳವೆ ತಂದಿದ್ದರು. ಹಲಗೆಯಲ್ಲಿ ಅವಳದು ನಾಲ್ಕನೇ ಹೆಸರು.

ಅವಳು ತಾಯಿಯ ಮಡಿಲಲ್ಲಿ, ಹಲಗೆಗೆ ಎದುರಾಗಿದ್ದ ಬೆಂಚಿನ ಮೇಲೆ ಕೂತಿದ್ದಳು. ಹೊಸದಾಗಿ ಓದು ಕಲಿತವಳು. ಕಣ್ಣು ಕಿರಿದು ಮಾಡಿಕೊಂಡು, “ಸಿಸ್ಟರ್, ನಾಲ್ಕನೇದು ನನ್ನ ಹೆಸರಲ್ವಾ? ಎರಡನೇ ಅಕ್ಷರಕ್ಕೆ ದೀರ್ಘ ಬಿಟ್ಟಿದೀರ,” ಎಂದಳು. ನಾನು ಹೋಗಿ ದೀರ್ಘ ಹಾಕಿದೆ. ಹತ್ತು ಹೆಜ್ಜೆ ದೂರದಿಂದ ನನ್ನ ತಪ್ಪು ಹಿಡಿಯುವಷ್ಟು ಕಣ್ಣು ಅವತ್ತು ಅವಳಿಗಿತ್ತು. ಇದನ್ನು ನೆನಪಿಡಿ.

ಹನ್ನೊಂದೂವರೆಗೆ ಎರಡನೇ ಆಪರೇಷನ್ ಮುಗಿಯುವಾಗ ಕರೆಂಟು ಹೋಯಿತು. ಜನರೇಟರ್ ಹೊತ್ತಿಸಿದರು. ಐದು ನಿಮಿಷ ಓಡಿ ಅದರ ಬೆಲ್ಟು ಕಿತ್ತುಹೋಯಿತು. ಬಾಯ್ಲರು ಅರ್ಧದಲ್ಲೇ ನಿಂತಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗಿನ ಸಲಕರಣೆಗಳೆಲ್ಲ ಒದ್ದೆ. ಒದ್ದೆ ಸಲಕರಣೆ ಬಳಸುವ ಹಾಗಿಲ್ಲ. ಮತ್ತೆ ಬೇಯಿಸಲು ಕರೆಂಟಿಲ್ಲ. ಡಾಕ್ಟರು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಇಂಥದ್ದನ್ನು ಹನ್ನೊಂದು ವರ್ಷ ನೋಡಿದ್ದ ನನಗೆ ಅವತ್ತಿನ ದಿನ ಮುಗಿಯಿತು ಎನ್ನುವುದರಲ್ಲಿ ಸಂಶಯವೇ ಇರಲಿಲ್ಲ. ಬೆಂಚಿನ ಮೇಲೆ ಹುಡುಗಿ ಹಸಿವಿಗೂ ತಲೆನೋವಿಗೂ ಸೇರಿಸಿ ಅಳುತ್ತಿದ್ದಳು. ನನಗೆ ಪಾಪ ಅನಿಸಿದ್ದು ನಿಜ. ನನ್ನ ಕಾಲು ನೋಯುತ್ತಿದ್ದದ್ದೂ ನಿಜ. ಒದ್ದೆ ಬಟ್ಟೆ ತೆಗೆದುಕೊಂಡು ಮೂರರಿಂದ ಆರರವರೆಗಿನ ಹೆಸರುಗಳನ್ನು ಒರೆಸಿಬಿಟ್ಟೆ.

ಟೀ ಅಣ್ಣ ಬಾಗಿಲ ಬಳಿಯೇ ನಿಂತಿದ್ದರು. “ಡಾಕ್ಟರು ಹೇಳಿದ್ರಾ ಸಿಸ್ಟರಮ್ಮ?”

“ಇದರಲ್ಲಿ ಹೇಳೋಕೆ ಏನಿದೆ ಅಣ್ಣ? ಕಾಣ್ತಾ ಇಲ್ವಾ?”

“ಒಂದ್ಮಾತು ಕೇಳಿಬಿಡೋಣ.”

“ಕೇಳೋದಕ್ಕೆ ಹೋದ್ರೆ ಇನ್ನೂ ಅರ್ಧ ಗಂಟೆ ಆ ಮಗು ಅಳುತ್ತೆ. ಮೊದಲು ಅದಕ್ಕೆ ಕೊಟ್ಟುಬಿಡಿ.”

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಹೋಗಿ ಎಂದು ತಲೆಯಾಡಿಸಿದೆ. ಮಕ್ಕಳು ಟೀ ಕುಡಿಯುವುದಿಲ್ಲವೆಂದು ಅಣ್ಣ ಅವಳಿಗೆ ಹಾಲು ಬಿಸಿ ಮಾಡಿ, ಸಕ್ಕರೆ ಹಾಕಿ ತಂದುಕೊಟ್ಟರು. ನೆಲದ ಮೇಲೆ ಕೂತು, ಮನೇಲಿ ಯಾರ್ಯಾರಿದಾರೆ ಎಂದು ಕೇಳಿದರು. ಅವಳು ಅಳು ನಿಲ್ಲಿಸಿ ಅಪ್ಪ, ಅಮ್ಮ, ತಮ್ಮ, ಒಂದು ಕುಂಟ ನಾಯಿ ಎಂದು ಎಣಿಸುತ್ತ ಹಾಲನ್ನು ಗಟಗಟ ಕುಡಿದಳು.

ಆಗ ಡಾಕ್ಟರು ಹೊರಗೆ ಬಂದರು.

“ಆ ಮಗುನ ಒಳಗೆ ತನ್ನಿ. ನನ್ನ ತಲೆದೀಪ ಬ್ಯಾಟರಿದು. ಡ್ರಿಲ್ ಹೇಗೂ ಕೈಯಲ್ಲಿ ತಿರುಗಿಸೋದು. ಕಾರಲ್ಲಿ ಸೀಲ್ ಮಾಡಿದ ಒಂದು ಸೆಟ್ ಇದೆ, ತರೋಕೆ ಕಳಿಸಿದೀನಿ. ಬೇರೆಯವರು ಕಾಯ್ತಾರೆ, ಇವಳ ಕಣ್ಣು ಕಾಯೋಲ್ಲ.”

ಬೆಂಚಿನ ಮೇಲೆ ಖಾಲಿ ಲೋಟವಿತ್ತು. ಹುಡುಗಿಯ ಮೇಲ್ದುಟಿಯ ಮೇಲೆ ಹಾಲಿನ ಗೆರೆ ಇನ್ನೂ ಒಣಗಿರಲಿಲ್ಲ.

ಅರಿವಳಿಕೆ ಡಾಕ್ಟರು ಆಗುವುದೇ ಇಲ್ಲ ಎಂದರು. ಅವರನ್ನು ಬೈಯಲಾರೆ. “ನೀರಾಗಿದ್ರೆ ಎರಡು ಗಂಟೆ ಕಾದು ಮಾಡಬಹುದಿತ್ತು. ಇದು ಹಾಲು, ಆರು ಗಂಟೆ ಬೇಕು. ಅರಿವಳಿಕೆ ಕೊಟ್ಟ ಮೇಲೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದ್ರೆ ಮಗು ಟೇಬಲ್ ಮೇಲೇ ಹೋಗುತ್ತೆ. ಎಳೆದು ತೆಗೆಯೋಕೆ ಇರೋದು ಕಾಲಲ್ಲಿ ಒತ್ತೋ ಒಂದೇ ಸಕ್ಷನ್. ಅದನ್ನ ಬಾಯಿಗೆ ಇಡಲಾ, ತಲೆಗೆ ಇಡಲಾ?” ಆರು ಗಂಟೆ ಕಾಯಲು ತಲೆ ಡಾಕ್ಟರಿಗೆ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಇನ್ನೊಂದು ಆಸ್ಪತ್ರೆಯಲ್ಲಿ ಇನ್ಯಾರದೋ ತಲೆ ಕಾದಿತ್ತು. ಅರಿವಳಿಕೆ ಡಾಕ್ಟರಿಗೆ ಹೆರಿಗೆ ಆಸ್ಪತ್ರೆಯಿಂದ ಆಗಲೇ ಎರಡು ಸಲ ಕರೆ ಬಂದಿತ್ತು. ನಾಲ್ಕು ಗಂಟೆಯವರೆಗೆ ತಲೆ ಡಾಕ್ಟರು ವರಾಂಡದಲ್ಲಿ ಶತಪಥ ತಿರುಗಿದರು. ಆಮೇಲೆ ನಗರದ ಆಸ್ಪತ್ರೆಗೆ ಒಂದು ಪತ್ರ ಬರೆದು ತಾಯಿಯ ಕೈಗೆ ಕೊಟ್ಟು, ಯಾರ ಜೊತೆಗೂ ಮಾತಾಡದೆ ಕಾರು ಹತ್ತಿದರು.

ಮರುವಾರ ವಿಚಾರಣೆ. ಆಸ್ಪತ್ರೆಯ ಮುಖ್ಯ ಡಾಕ್ಟರ ಕೋಣೆಯಲ್ಲಿ ನಾವಿಬ್ಬರೂ ನಿಂತಿದ್ದೆವು. “ಹೆಸರು ಒರೆಸದೇ, ಆರ್ಡರ್ ಇಲ್ಲದೇ ಹಾಲು ಯಾರು ಕೊಟ್ಟಿದ್ದು?” ಎಂದರು ಅವರು. ಒರೆಸಿದ ಹಲಗೆ ಅವರಿಗೆ ಗೊತ್ತೇ ಇರಲಿಲ್ಲ. ತಲೆ ಡಾಕ್ಟರು ಹೊರಗೆ ಬರುವಾಗ ಹಲಗೆ ಕಡೆ ನೋಡಿರಲಿಲ್ಲ. ಅವರು ವರಾಂಡಕ್ಕೆ ಹೋದ ಕೂಡಲೇ ಆ ಹೆಸರುಗಳನ್ನು ನಾನು ಮತ್ತೆ ಬರೆದಿಟ್ಟಿದ್ದೆ. ಹೌದು, ಅದನ್ನೂ ಮಾಡಿದ್ದೆ.

“ನಾನೇ ಕೊಟ್ಟೆ ಸಾರ್. ಮಗು ಅಳ್ತಿತ್ತು. ಯಾರೂ ಹೇಳಲಿಲ್ಲ,” ಎಂದರು ಟೀ ಅಣ್ಣ.

ನಾನು ಬಾಯಿ ತೆರೆದೆ. ಅಣ್ಣ ನನ್ನ ಕಡೆ ತಿರುಗಲಿಲ್ಲ, ಕೈಯನ್ನು ಮಾತ್ರ ಹಿಂದೆ ಕಟ್ಟಿಕೊಂಡು, ಸುಮ್ಮನಿರಿ ಎನ್ನುವಂತೆ ಬೆರಳಾಡಿಸಿದರು. ನಾನು ಸುಮ್ಮನಿದ್ದೆ. ಒಂದು ತಿಂಗಳು ಕೆಲಸದಿಂದ ಹೊರಗಿಟ್ಟು, ಆಮೇಲೆ ಅವರನ್ನು ಬಟ್ಟೆ ಒಗೆಯುವ ಮನೆಗೆ ಹಾಕಿದರು. ವಾರ್ಡಿನೊಳಗೆ ಕಾಲಿಡಕೂಡದು ಎಂದು ಬರೆದುಕೊಟ್ಟರು.

ಆ ಹುಡುಗಿಯ ಅಪ್ಪ ಅಮ್ಮ ಪತ್ರ ಹಿಡಿದು ನಗರಕ್ಕೆ ಹೋದರು. ಅಲ್ಲಿನ ಸಾಲು ಇನ್ನೂ ಉದ್ದ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ವಾಪಸು ಬಂದು ನಮ್ಮ ಗುರುವಾರಕ್ಕೇ ಕಾದರು. ರಸ್ತೆ ಕುಸಿದು ಆರು ವಾರ ಒಂಬತ್ತಾಯಿತು. ಐದನೇ ವಾರದಲ್ಲಿ ಹುಡುಗಿ ಲೋಟದ ಹೊರಗೆ ನೀರು ಬಗ್ಗಿಸಿದಳಂತೆ. ತಾಯಿ ತುಂಟತನ ಎಂದು ಬೈದಳಂತೆ. ಒಂಬತ್ತನೇ ವಾರ ನಮ್ಮ ಬೆಂಚಿಗೆ ಬಂದು ಕೂತಾಗ ಅವಳು ಹಲಗೆ ಯಾವ ಕಡೆ ಇದೆ ಎಂದು ಕೇಳಿದಳು. ಅವತ್ತು ಕರೆಂಟು ಹೋಗಲಿಲ್ಲ. ಬಾಯ್ಲರು ಕೆಡಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಕೊಳವೆ ಇಳಿಯಿತು. ಜೀವ ಉಳಿಯಿತು, ಕಣ್ಣು ಬರಲಿಲ್ಲ. ಡಾಕ್ಟರ ಕೈಗೆ ಒಂದೊಂದೇ ಸಲಕರಣೆ ಕೊಡುತ್ತ ನಿಂತಿದ್ದ ನನ್ನ ಕೈ ನಡುಗಲಿಲ್ಲ. ಅದು ನನಗೆ ಇವತ್ತಿಗೂ ಆಶ್ಚರ್ಯ.

ತಾಯಿ ಹುಡುಕಿಕೊಂಡು ಬಟ್ಟೆ ಒಗೆಯುವ ಮನೆಗೆ ಹೋದಳು. “ನನ್ನ ಮಗಳಿಗೆ ಹಾಲು ಕುಡಿಸಿದ ಕೈ ಯಾವುದು, ತೋರಿಸು,” ಎಂದಳು. ಅಣ್ಣ ಬಲಗೈ ತೋರಿಸಿದರು. “ಆ ಕೈ ಸೇದಿಹೋಗ!” ಎಂದು ಎದೆಗೆ ಗುದ್ದಿದಳು, ಮತ್ತೆ ಮತ್ತೆ ಗುದ್ದಿದಳು. ಅಣ್ಣ ನಿಂತೇ ಇದ್ದರು. ಬಾಗಿಲಲ್ಲಿ ನಿಂತು ನಾನು ಎಲ್ಲವನ್ನೂ ನೋಡಿದೆ.

ಅವಳು ಹೋದಮೇಲೆ ಒಳಗೆ ಹೋದೆ. “ಅಣ್ಣ, ಸಾಕು. ನಾನು ಹೋಗಿ ಹೇಳಿಬಿಡ್ತೀನಿ.”

“ಹೇಳಿ. ಆಮೇಲೆ?”

“ಆಮೇಲೇನು, ನನ್ನ ತೆಗೀತಾರೆ.”

“ಹೂಂ, ತೆಗೀತಾರೆ. ಆರು ವಾರಕ್ಕೆ ಡಾಕ್ಟರು ಬಂದು ತಲೆ ತೆರೆದು ಕೈ ಚಾಚ್ತಾರೆ. ಆ ಕೈಗೆ ಏನು ಕೊಡಬೇಕು ಅಂತ ಇಲ್ಲಿ ಯಾರಿಗೆ ಗೊತ್ತು? ಇವತ್ತು ಆ ಮಗೂಗೆ ಯಾರು ಕೊಡ್ತಿದ್ರು?” ಒದ್ದೆ ಹೊದಿಕೆಯೊಂದರ ತುದಿಯನ್ನು ನನ್ನ ಕೈಗೆ ಕೊಟ್ಟು, ಹಿಂಡಲು ಇನ್ನೊಂದು ತುದಿ ತಾವು ಹಿಡಿದರು. “ಲೋಟ ಹಿಡಿಯೋಕೆ ಯಾರಾದ್ರೂ ಸಿಕ್ತಾರೆ ಸಿಸ್ಟರಮ್ಮ. ತಿರುಗಿಸಿ, ಜೋರಾಗಿ ತಿರುಗಿಸಿ.”

ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೇ ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗಿಲ್ಲ. ಇನ್ನೊಬ್ಬಳಿಗೆ ಕೆಲಸ ಕಲಿಸಿ ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಇಬ್ಬರಿಗೆ ಕಲಿಸಿದೆ. ಇಬ್ಬರೂ ಕಲಿತ ಮೇಲೆ ನಗರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ವರ್ಷಗಳು ಹೋದವು. ಗಂಟಲಲ್ಲಿ ಸಿಕ್ಕಿದ ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಟೀ ಅಣ್ಣ ಮಾತ್ರ ಸುಮ್ಮನೆ ಕೂರಲಿಲ್ಲ. ಭಾನುವಾರ ಬಸ್ಸು ಹತ್ತಿ ಆ ಹುಡುಗಿಯ ಮನೆಗೆ ಹೋಗುತ್ತಿದ್ದರು. ಒಂದು ವರ್ಷ ತಾಯಿ ಒಳಗೆ ಕರೆಯಲಿಲ್ಲ. ಬೀದಿಯಾಚೆ ಕಟ್ಟೆಯ ಮೇಲೆ ಒಂದು ಗಂಟೆ ಕೂತು ವಾಪಸು ಬರುತ್ತಿದ್ದರು. ಆಮೇಲೆ ಹುಡುಗಿಯೇ ಕುಂಟ ನಾಯಿಯ ಹಗ್ಗ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರತೊಡಗಿದಳು. ‘ಹಾಲಜ್ಜ’ ಎಂದು ಹೆಸರಿಟ್ಟಳು. ಅಂಧ ಮಕ್ಕಳ ಶಾಲೆ ಎಲ್ಲಿದೆ ಎಂದು ಹುಡುಕಿದ್ದು, ಅರ್ಜಿ ಬರೆಸಿದ್ದು, ಕೈಹಿಡಿದು ಸೇರಿಸಿದ್ದು, ರಜೆಗೆ ಕರೆತಂದು ಬಿಟ್ಟದ್ದು ಎಲ್ಲ ಅವರೇ. ಅತ್ತಿಗೆ ಅವಳಿಗೆ ಲಂಗ ಹೊಲಿದುಕೊಡುತ್ತಿದ್ದರು, ಎಡ ಬಲ ತಿಳಿಯಲೆಂದು ಒಂದು ಜೇಬಿಗೆ ಮಾತ್ರ ಗುಂಡಿ ಹಾಕಿ. ಅವಳು ಓದಿ ಮುಗಿಸಿದ ಮೇಲೆ, ನಿವೃತ್ತರಾದ ಅಣ್ಣ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ನಮ್ಮ ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಅವಳಿಗೆ ಕೆಲಸ ಕೊಡಿಸಿದರು. ತಾಯಿ ಕೊನೆಗೂ ಅವರೊಂದಿಗೆ ಮಾತಾಡಿದ್ದು ಅವತ್ತೇ. “ಊಟ ಮಾಡ್ಕೊಂಡು ಹೋಗಿ,” ಎಂದಳಂತೆ. ಅಷ್ಟೇ.

ಆ ಹುಡುಗಿ ಹೆಜ್ಜೆ ಸಪ್ಪಳದಲ್ಲೇ ಯಾರೆಂದು ಹೇಳುತ್ತಿದ್ದಳು. ನಾನು ಕೋಣೆ ಮುಂದೆ ಹಾದರೆ, “ಸಿಸ್ಟರ್, ಇವತ್ತು ಎಡಗಾಲು ನೋಯ್ತಿದೆ ಅಲ್ವಾ?” ಎನ್ನುತ್ತಿದ್ದಳು. ನಗುತ್ತಲೇ ಮಾತಾಡುತ್ತಿದ್ದಳು. ನಾನು ಆ ಕೋಣೆಯನ್ನು ತಪ್ಪಿಸಿ ಹಿಂದಿನ ಮೆಟ್ಟಿಲಿನಿಂದ ಓಡಾಡುವುದನ್ನು ಕಲಿತೆ. ಹಾಗೆಯೇ ನಿವೃತ್ತಳೂ ಆದೆ.

ಹೋದ ವರ್ಷ ಟೀ ಅಣ್ಣ ಬಚ್ಚಲಲ್ಲಿ ಜಾರಿ ಬಿದ್ದರು. ಅತ್ತಿಗೆ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಬಿದ್ದ ದಿನ ಏನೂ ಆಗಲಿಲ್ಲ. ಮೂರು ವಾರದ ಮೇಲೆ ತಲೆನೋವು, ತೊದಲು, ಬಲಗೈ ಜೋಲು. ತಲೆಯೊಳಗೆ ರಕ್ತ ನಿಧಾನವಾಗಿ ಸೋರಿ ಮೆದುಳನ್ನು ಒತ್ತುತ್ತಿತ್ತು. ಎರಡು ತೂತು ಕೊರೆದು ತೊಳೆದರೆ ಎದ್ದು ಓಡಾಡುತ್ತಾರೆ. ಈಗ ನಮ್ಮಲ್ಲಿ ಹೊಸ ಥಿಯೇಟರಿದೆ, ತಲೆಯ ಚಿತ್ರ ತೆಗೆಯುವ ಯಂತ್ರವಿದೆ, ಕರೆಂಟು ಹೋದರೆ ಕ್ಷಣದಲ್ಲಿ ಹೊತ್ತುವ ಜನರೇಟರಿದೆ. ತಲೆ ಡಾಕ್ಟರ ಹುದ್ದೆ ಮಾತ್ರ ಖಾಲಿ. ಬೇರೆ ಒಬ್ಬರು, ಚಿಕ್ಕ ವಯಸ್ಸಿನವರು, ಎರಡು ವಾರಕ್ಕೊಮ್ಮೆ ಬರುತ್ತಾರೆ. ನಮ್ಮ ಆಸ್ಪತ್ರೆಯ ಸರ್ಜನ್ನನ್ನು ನಾನೇ ಹೋಗಿ ಕೇಳಿದೆ. “ಸಿಸ್ಟರ್, ನಾನು ಹೊಟ್ಟೆ ಕೊಯ್ಯೋನು. ತಲೆ ಯಾವತ್ತೂ ಮುಟ್ಟಿಲ್ಲ. ಇಷ್ಟು ವಯಸ್ಸಾದವರ ಮೇಲೆ ಮೊದಲ ಸಲ ಕಲೀಲಾ?” ಎಂದರು. ನಗರಕ್ಕೆ ಆಂಬುಲೆನ್ಸಿನಲ್ಲಿ ಹದಿನಾಲ್ಕು ಗಂಟೆ. ಅಲ್ಲಾಡಿಸಿದರೆ ಕಷ್ಟ, ಗುರುವಾರ ಎರಡೇ ದಿನದಲ್ಲಿದೆ, ಕಾಯೋಣ ಎಂದರು.

ಗುರುವಾರ ಬೆಳಿಗ್ಗೆಯಿಂದ ಅಣ್ಣ ಖಾಲಿ ಹೊಟ್ಟೆಯಲ್ಲಿದ್ದರು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಅವರಿಗೆ ಒಮ್ಮೆ ನೆಟ್ಟಗೆ ತಿಳಿಯುತ್ತಿತ್ತು, ಒಮ್ಮೆ ಡ್ಯೂಟಿಯಲ್ಲಿದ್ದೇನೆಂದು ಎದ್ದು ಕೂರಲು ನೋಡುತ್ತಿದ್ದರು. ಹನ್ನೊಂದೂವರೆಗೆ ವಾರ್ಡಿನ ಬಾಗಿಲಲ್ಲಿ ಟೆಲಿಫೋನಿನ ಹುಡುಗಿ ಕಾಣಿಸಿಕೊಂಡಳು. ಎಡಗೈ ಗೋಡೆ ಸವರುತ್ತಿತ್ತು. ಬಲಗೈಯಲ್ಲಿ ಲೋಟ.

ಯಾವುದೋ ಹೆದ್ದಾರಿಯ ಅಪಘಾತದವರು ಬಂದು ತಲೆ ಡಾಕ್ಟರು ಆ ಕಡೆಯ ಆಸ್ಪತ್ರೆಯಲ್ಲೇ ಸಿಕ್ಕಿಕೊಂಡಿದ್ದರು. ಆ ಕರೆಯನ್ನು ಎತ್ತಿದವಳು ಇವಳೇ. ಎಲ್ಲರಿಗಿಂತ ಮೊದಲು ತಿಳಿದದ್ದು ಇವಳಿಗೇ. ಮುಖ್ಯ ಡಾಕ್ಟರಿಗೆ ಹೇಳಿ, ಅಜ್ಜನಿಗೆ ನಾನೇ ಕೊಡುತ್ತೇನೆ ಎಂದು ಕೇಳಿಕೊಂಡು ಬಂದಿದ್ದಳು. ಆ ಪದ್ಧತಿ ಆಸ್ಪತ್ರೆಯಲ್ಲಿ ಯಾವತ್ತೋ ನಿಂತುಹೋಗಿತ್ತು. ಈಗ ಮೊಬೈಲಿಗೆ ಸಂದೇಶ ಬರುತ್ತದೆ.

ಅಣ್ಣ ಲೋಟ ನೋಡಿದರು. ಆ ಗಳಿಗೆಯಲ್ಲಿ ಅವರಿಗೆ ಎಲ್ಲ ನೆಟ್ಟಗೆ ತಿಳಿದಿತ್ತು.

“ಇಷ್ಟು ದೂರ ತಂದ್ಯಾ, ಚೆಲ್ಲಲಿಲ್ವಾ?” ಮಾತು ತೊದಲಿತು.

“ಅರ್ಧ ಲೋಟ ತಂದಿದೀನಿ ಅಜ್ಜ.”

“ಜಾಣೆ.”

ಅವಳು ಮಂಚದ ಅಂಚು ಮುಟ್ಟಿ ನೋಡಿ, ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಅಣ್ಣನ ತಲೆ ಎತ್ತಿ ಹಿಡಿದೆ, ಅವಳು ಲೋಟವನ್ನು ತುಟಿಗೆ ಇಟ್ಟಳು. ಒಂದು ಗುಟುಕು ಒಳಗೆ ಹೋಯಿತು.

“ಮನೇಲಿ ಯಾರ್ಯಾರಿದಾರೆ ಅಜ್ಜ?” ಎಂದು ಕೇಳಿದಳು ಅವಳು.

ಅಣ್ಣ ನಕ್ಕರು. ಮುಖದ ಅರ್ಧವಷ್ಟೇ ನಕ್ಕಿತು. “ಒಬ್ಬಳು ಮಗಳಿದಾಳೆ,” ಎಂದರು. “ಟೆಲಿಫೋನಲ್ಲಿ ಕೆಲಸ.”

ಲೋಟ ಖಾಲಿಯಾಗುವವರೆಗೂ ಅವಳು ಏಳಲಿಲ್ಲ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಶನಿವಾರ ಮಧ್ಯಾಹ್ನ ಟೀ ಅಣ್ಣ ಹೋದರು. ತಲೆ ಡಾಕ್ಟರು ಭಾನುವಾರ ಬೆಳಿಗ್ಗೆ ಬಂದರು, ರಜೆಯ ದಿನವಾದರೂ, ಇವರಿಗೋಸ್ಕರವೇ.

ಹತ್ತು ದಿನ ಬಿಟ್ಟು ನಾನು ಟೆಲಿಫೋನ್ ಕೋಣೆಗೆ ಹೋದೆ. ಅವಳು ಸಪ್ಪಳ ಕೇಳಿ, “ಬನ್ನಿ ಸಿಸ್ಟರ್,” ಎಂದಳು. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಹೇಳಿದೆ. ಹಾಲು ಕೊಡಲು ಹೇಳಿದ್ದು ನಾನು. ಡಾಕ್ಟರನ್ನು ಕೇಳದೆ ಹಲಗೆ ಒರೆಸಿದ್ದು ನಾನು. ಆಮೇಲೆ ಮತ್ತೆ ಬರೆದದ್ದೂ ನಾನು. ನಿನ್ನ ಕಣ್ಣು ಹೋದದ್ದು ನನ್ನಿಂದ, ಅಜ್ಜನಿಂದಲ್ಲ. ಇಪ್ಪತ್ತು ವರ್ಷ ಹೇಳದೆ ಇಟ್ಟುಕೊಂಡದ್ದು ಎರಡು ನಿಮಿಷದಲ್ಲಿ ಮುಗಿದುಹೋಯಿತು.

ಅವಳು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಗೊತ್ತಿತ್ತು ಸಿಸ್ಟರ್. ಅವತ್ತು ನನಗೆ ಕಣ್ಣಿತ್ತಲ್ಲ. ನೀವು ಒದ್ದೆ ಬಟ್ಟೆಯಲ್ಲಿ ನನ್ನ ಹೆಸರು ಒರೆಸಿದ್ದು, ಅಜ್ಜನಿಗೆ ತಲೆಯಾಡಿಸಿದ್ದು, ಎಲ್ಲ ನೋಡಿದ್ದೆ. ದೀರ್ಘ ಹಾಕಿಸಿಕೊಂಡಿದ್ದೆ ನೋಡಿ, ಅದಕ್ಕೇ ಹಲಗೆ ಮೇಲೇ ಕಣ್ಣಿತ್ತು.”

ಅಲ್ಲೇ ಇದ್ದ ಕುರ್ಚಿಯ ಮೇಲೆ ಕೂತೆ. “ಯಾರಿಗೂ ಹೇಳಲಿಲ್ವಾ?”

“ಅಜ್ಜನಿಗೆ ಹೇಳ್ದೆ, ಕಟ್ಟೆ ಮೇಲೆ ಕೂತಿದ್ದಾಗ. ಯಾರಿಗೂ ಹೇಳ್ಬೇಡ ಮಗಳೇ ಅಂದ್ರು. ಆ ಸಿಸ್ಟರ್ ಹೋದ್ರೆ ಬೆಂಚ್ ಮೇಲೆ ಕೂತಿರೋ ಬೇರೆ ಮಕ್ಕಳ ಗತಿ ಏನು ಅಂದ್ರು.” ಅವಳ ದನಿ ಒಡೆಯಿತು. “ನೀವು ಅಜ್ಜ ಇದ್ದಾಗಲೇ ಬಂದು ಹೇಳ್ತೀರ ಅಂತ ಕಾಯ್ತಿದ್ದೆ ಸಿಸ್ಟರ್. ನಿಮ್ಮ ಹೆಜ್ಜೆ ಹಿಂದಿನ ಮೆಟ್ಟಿಲ ಕಡೆ ಹೋಗೋದು ದಿನಾ ಕೇಳ್ತಿತ್ತು.”

ಅವಳು ಬೈದಿದ್ದರೆ, ಅವಳ ತಾಯಿಯ ಹಾಗೆ ಎದೆಗೆ ಗುದ್ದಿದ್ದರೆ ಚೆನ್ನಾಗಿತ್ತು.

ಫೋನು ಬಡಿದುಕೊಂಡಿತು. ಅವಳು ಕಣ್ಣೊರೆಸಿಕೊಂಡು ಎತ್ತಿದಳು. ಆ ಕಡೆ ಯಾರೋ ತಾಯಿ, ದನಿ ನನಗೂ ಕೇಳುತ್ತಿತ್ತು. ಮಗುವಿಗೆ ತಲೆಯಲ್ಲಿ ನೀರು ತುಂಬಿದೆಯಂತೆ, ತಲೆ ಡಾಕ್ಟರು ಯಾವತ್ತು ಬರುತ್ತಾರೆ ಎಂದು ಕೇಳುತ್ತಿದ್ದಳು.

“ಈ ಗುರುವಾರ ಬರ್ತಾರಮ್ಮ,” ಎಂದಳು ಇವಳು. “ಬೆಳಿಗ್ಗೆ ಏಳಕ್ಕೆಲ್ಲ ಕರ್ಕೊಂಡು ಬನ್ನಿ. ಖಾಲಿ ಹೊಟ್ಟೇಲಿ ಇರಬೇಕು. ಎಷ್ಟೇ ಅಳಲಿ, ಯಾರೇ ಕೊಡಲಿ, ಡಾಕ್ಟರೇ ಬಂದು ಹೇಳೋವರೆಗೂ ಹಾಲು ಕುಡಿಸಬೇಡಿ.”